ದೊಡ್ಡಪ್ಪನ ಕೈಯಲ್ಲಿ ಎಷ್ಟು ಇಂಚು ನೀರು?

ಹೋದ ದಸರಾ ರಜೆಗೆ ಊರಿಗೆ ಹೋದಾಗ ದೊಡ್ಡಪ್ಪ ಜಗಲಿ ಮೇಲೆ ಕೂತಿದ್ದರು. ನಮ್ಮೂರು ತಿಪಟೂರಿನ ಹತ್ತಿರ, ಮನೆ ಸುತ್ತ ತೆಂಗಿನ ತೋಟ. ಬ್ಯಾಗ್ ಕೆಳಗಿಡೋಕೂ ಬಿಡದೆ "ಬಾರೋ ಇಂಜಿನಿಯರ್, ಇಲ್ಲಿ ಕೈ ಇಟ್ಟು ನೋಡು" ಅಂತ ಎಡಗೈ ಮುಂದೆ ಚಾಚಿದರು. ಮೊಣಕೈಗಿಂತ ಸ್ವಲ್ಪ ಮೇಲೆ, ಚರ್ಮದ ಕೆಳಗೆ ಹಗ್ಗದ ಹಾಗೆ ಉಬ್ಬಿದ ಒಂದು ನರ. ಅದರ ಮೇಲೆ ಬೆರಳಿಟ್ಟೆ. ಜುಂ ಅಂತ ನಡುಗ್ತಾ ಇತ್ತು. ವೈಬ್ರೇಟ್ ಮೋಡ್‌ನಲ್ಲಿರೋ ಫೋನ್ ತರಹ, ಆದರೆ ನಿಲ್ಲೋದೇ ಇಲ್ಲ.

"ಮೋಟಾರ್ ಓಡ್ತಾ ಇದೆ. ದಿನಾ ಬೆಳಗ್ಗೆ ಎದ್ದ ತಕ್ಷಣ ಮೊದಲು ಇದನ್ನ ಮುಟ್ಟಿ ನೋಡ್ಕೋತೀನಿ. ನಿಂತುಹೋದ್ರೆ ಆವತ್ತೇ ಆಸ್ಪತ್ರೆಗೆ ಓಡ್ಬೇಕು" ಅಂದರು. ಆಮೇಲೆ ತೋಟದವರ ಪ್ರಶ್ನೆ ಬಂತು: "ಇದರಲ್ಲಿ ಎಷ್ಟು ಇಂಚು ನೀರು ಬರಬಹುದೋ?"

ಈ ಸೆಮಿಸ್ಟರ್ ನಮಗೆ ಫ್ಲೂಯಿಡ್ ಮೆಕ್ಯಾನಿಕ್ಸ್ ಇದೆ. ಇಂಟರ್ನಲ್ಸ್‌ನಲ್ಲಿ ಮಾರ್ಕ್ಸೂ ಚೆನ್ನಾಗೇ ಬಂದಿದೆ. ಆದರೂ ಉತ್ತರ ಗೊತ್ತಿರಲಿಲ್ಲ. "ನೋಡಿ ಹೇಳ್ತೀನಿ ದೊಡ್ಡಪ್ಪ" ಅಂತ ತಪ್ಪಿಸಿಕೊಂಡೆ. ಹಾಸ್ಟೆಲಿಗೆ ವಾಪಸ್ ಬಂದ ಮೇಲೆ ಹುಡುಕ್ತಾ ಹೋದೆ. ಒಂದು ಪ್ರಶ್ನೆಗೆ ಉತ್ತರ ಹುಡುಕೋಕೆ ಹೋಗಿ, ಅರವತ್ತು ವರ್ಷಗಳಿಂದ ಡಾಕ್ಟರ್‌ಗಳು ಮತ್ತು ಇಂಜಿನಿಯರ್‌ಗಳು ಸೇರಿ ಬಿಡಿಸೋಕೆ ಒದ್ದಾಡ್ತಿರೋ ಒಂದು ಸಮಸ್ಯೆ ಸಿಕ್ಕಿತು. ಅದನ್ನೇ ಇಲ್ಲಿ ಬರೀತಿದ್ದೀನಿ.

ಒಂದು ಮಾತು ಮೊದಲೇ ಹೇಳಿಬಿಡ್ತೀನಿ. ರಕ್ತನಾಳಗಳಲ್ಲಿ ಎರಡು ಬಗೆ: ಅಪಧಮನಿ ಮತ್ತು ಅಭಿಧಮನಿ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನನಗೆ ಯಾವುದು ಯಾವುದು ಅಂತ ಮೂರು ಸಲ ಓದಿದರೂ ಅದಲುಬದಲಾಗುತ್ತೆ. ಆದ್ದರಿಂದ ಆರ್ಟರಿ, ವೇನ್ ಅಂತಲೇ ಬರೀತೀನಿ, ಕ್ಷಮೆ ಇರಲಿ. ಆರ್ಟರಿ ಅಂದ್ರೆ ಹೃದಯದಿಂದ ರಕ್ತ ಹೊರಗೆ ಒಯ್ಯುವ ನಾಳ, ಒತ್ತಡ ಜಾಸ್ತಿ. ವೇನ್ ಅಂದ್ರೆ ವಾಪಸ್ ತರುವ ನಾಳ, ಒತ್ತಡ ಕಡಿಮೆ.

ಸಮಸ್ಯೆ ಮೆಷಿನ್‌ನಲ್ಲಿಲ್ಲ, ಕೈಯಲ್ಲಿದೆ

ಎರಡೂ ಕಿಡ್ನಿ ಕೆಲಸ ನಿಲ್ಲಿಸಿದರೆ ರಕ್ತವನ್ನು ಹೊರಗೆ ತೆಗೆದು, ಫಿಲ್ಟರ್‌ನಲ್ಲಿ ಶುದ್ಧ ಮಾಡಿ, ಮತ್ತೆ ಒಳಗೆ ಬಿಡಬೇಕು. ಅದೇ ಹೀಮೋಡಯಾಲಿಸಿಸ್. ಸಾಮಾನ್ಯವಾಗಿ ವಾರಕ್ಕೆ ಎರಡು ಮೂರು ಸಲ, ಒಂದೊಂದು ಸಲಕ್ಕೂ ನಾಲ್ಕು ಗಂಟೆ. ಪಂಪ್ ನಿಮಿಷಕ್ಕೆ 300 ಮಿಲಿಲೀಟರ್ ಎಳೆಯುತ್ತೆ ಅಂತ ಇಟ್ಕೊಳ್ಳಿ. ನಾಲ್ಕು ಗಂಟೆಗೆ 72 ಲೀಟರ್. ಮೈಯಲ್ಲಿರೋ ರಕ್ತ ಸುಮಾರು 5 ಲೀಟರ್. ಅಂದ್ರೆ ಇಡೀ ರಕ್ತ ಹದಿನಾಲ್ಕು ಸಲ ಹೊರಗೆ ಹೋಗಿ ಒಳಗೆ ಬಂದ ಹಾಗೆ.

ಇಷ್ಟು ರಕ್ತ ಎಲ್ಲಿಂದ ತೆಗೆಯೋದು? ರಕ್ತ ಪರೀಕ್ಷೆಗೆ ಸೂಜಿ ಹಾಕ್ತಾರಲ್ಲ, ಆ ವೇನ್‌ನಿಂದ ನಿಮಿಷಕ್ಕೆ 300 ಮಿಲಿಲೀಟರ್ ಎಳೆದರೆ ನಾಳವೇ ಮುಚ್ಚಿಕೊಳ್ಳುತ್ತೆ. ಫ್ರೂಟಿ ಖಾಲಿ ಆದಮೇಲೂ ಸ್ಟ್ರಾ ಎಳೆದರೆ ಪ್ಯಾಕೆಟ್ ಅಪ್ಪಚ್ಚಿ ಆಗುತ್ತಲ್ಲ, ಹಾಗೆ. ಆರ್ಟರಿಯಲ್ಲಿ ಒತ್ತಡ ಇದೆ, ಆದರೆ ಅದು ಆಳದಲ್ಲಿರುತ್ತೆ, ಚುಚ್ಚಿದರೆ ವಿಪರೀತ ನೋವು, ರಕ್ತ ನಿಲ್ಲಿಸೋದೂ ಕಷ್ಟ. ಮತ್ತೆ ಒಂದು ಸಲ ಚುಚ್ಚಿದರೆ ಮುಗಿಯಲ್ಲ. ವಾರಕ್ಕೆ ಮೂರು ಸಲ, ಪ್ರತಿ ಸಲ ಎರಡು ದಪ್ಪ ಸೂಜಿ: ಒಂದು ರಕ್ತ ತೆಗೆಯೋಕೆ, ಇನ್ನೊಂದು ವಾಪಸ್ ಬಿಡೋಕೆ. ವರ್ಷಕ್ಕೆ 312 ಸಲ ಚುಚ್ಚಬೇಕು, ಅದೂ ಒಂದೇ ಕೈಗೆ.

ಹೀಗೆ ರಕ್ತನಾಳಕ್ಕೆ ದಾರಿ ಮಾಡಿಕೊಳ್ಳೋದಕ್ಕೆ ವ್ಯಾಸ್ಕ್ಯುಲರ್ ಆಕ್ಸೆಸ್ ಅಂತಾರೆ. ಡಯಾಲಿಸಿಸ್ ಮೆಷಿನ್ ಎಷ್ಟೇ ಚೆನ್ನಾಗಿರಲಿ, ಈ ದಾರಿ ಇಲ್ಲದಿದ್ದರೆ ಅದು ಬರೀ ಪೆಟ್ಟಿಗೆ.

ದಾರಿ ಮುಗಿದುಹೋದವರು

ಇದು ಉತ್ಪ್ರೇಕ್ಷೆ ಅಲ್ಲ. ಕೆಲಸಕ್ಕೆ ಬರೋ ಕೃತಕ ಕಿಡ್ನಿಯನ್ನು ಕಟ್ಟಿದ ವಿಲಂ ಕೋಲ್ಫ್ 1943ರಲ್ಲಿ, ಎರಡನೇ ಮಹಾಯುದ್ಧದ ಮಧ್ಯೆ, ನೆದರ್‌ಲ್ಯಾಂಡ್ಸ್‌ನ ಕಾಂಪೆನ್ ಅನ್ನೋ ಊರಲ್ಲಿ 29 ವರ್ಷದ ಒಬ್ಬ ಹೆಣ್ಣುಮಗಳಿಗೆ ಡಯಾಲಿಸಿಸ್ ಮಾಡಿದರು. ಮೆಷಿನ್ ಕೆಲಸ ಮಾಡಿತು. ಆದರೆ ಪ್ರತಿ ಸಲವೂ ಹೊಸ ನಾಳ ಬೇಕಾಗ್ತಿತ್ತು. ಹನ್ನೆರಡು ಸಲ ಆದಮೇಲೆ ಬಳಸೋಕೆ ನಾಳಗಳೇ ಉಳಿಯಲಿಲ್ಲ. ಆಕೆ ಬದುಕಲಿಲ್ಲ.

ಮುಂದಿನ ಹೆಜ್ಜೆ 1960ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ. ಡಾಕ್ಟರ್ ಬೆಲ್ಡಿಂಗ್ ಸ್ಕ್ರಿಬ್ನರ್ ಅವರಿಗೆ ಒಂದು ಯೋಚನೆ ಬಂತು: ಆರ್ಟರಿಗೊಂದು, ವೇನ್‌ಗೊಂದು ಕೊಳವೆ ಹಾಕಿ ಅಲ್ಲೇ ಬಿಟ್ಟುಬಿಡೋಣ, ಡಯಾಲಿಸಿಸ್ ಇಲ್ಲದಾಗ ಎರಡನ್ನೂ ಯು ಆಕಾರದಲ್ಲಿ ಸೇರಿಸೋಣ, ರಕ್ತ ಹರೀತಾನೇ ಇದ್ದರೆ ಹೆಪ್ಪುಗಟ್ಟಲ್ಲ. ಕೊಳವೆಗೆ ಬಳಸಿದ್ದು ಟೆಫ್ಲಾನ್. ಹೌದು, ನಾನ್‌ಸ್ಟಿಕ್ ಕಾವಲಿಯದೇ ಟೆಫ್ಲಾನ್. ಅದನ್ನು ಬಾಗಿಸಿ ಮಾಡಿಕೊಟ್ಟವರು ವೇಯ್ನ್ ಕ್ವಿಂಟನ್ ಅನ್ನೋ ಇಂಜಿನಿಯರ್. ಮೊದಲ ರೋಗಿ ಕ್ಲೈಡ್ ಶೀಲ್ಡ್ಸ್ ಬೋಯಿಂಗ್ ಕಂಪನಿಯ ಮೆಷಿನಿಸ್ಟ್. ಕೆಲವೇ ವಾರ ಬದುಕಬಹುದಾಗಿದ್ದ ಆ ಮನುಷ್ಯ ಇನ್ನೂ ಹನ್ನೊಂದು ವರ್ಷ ಬದುಕಿದರು. ಮೆಕ್ಯಾನಿಕಲ್ ಬ್ರಾಂಚಿನವರು ಸ್ವಲ್ಪ ಕಾಲರ್ ಎತ್ತಿಕೊಳ್ಳಬಹುದು.

ಆದರೆ ಆ ಕೊಳವೆ ಚರ್ಮದ ಹೊರಗೆ ಇರ್ತಿತ್ತು. ಇನ್ಫೆಕ್ಷನ್, ಹೆಪ್ಪುಗಟ್ಟೋದು, ಎಲ್ಲಾದರೂ ಸಿಕ್ಕಿಕೊಂಡು ಕಿತ್ತುಬಂದರೆ ರಕ್ತ ಚಿಮ್ಮೋದು, ಎಲ್ಲಾ ತೊಂದರೆ ಇತ್ತು.

ಬ್ರಾಂಕ್ಸ್‌ನ ಐಡಿಯಾ

ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಮಾಜಿ ಸೈನಿಕರ ಆಸ್ಪತ್ರೆ. ಅಲ್ಲಿ ಜೇಮ್ಸ್ ಸಿಮಿನೊ ಅನ್ನೋ ಡಾಕ್ಟರ್. ಓದುವಾಗ ಖರ್ಚಿಗೆ ಅಂತ ಇನ್ನೊಂದು ಆಸ್ಪತ್ರೆಯಲ್ಲಿ ರಕ್ತ ತೆಗೆಯೋ ಕೆಲಸ ಮಾಡ್ತಿದ್ದವರು, ಹಾಗಾಗಿ ವೇನ್‌ಗಳ ಪರಿಚಯ ಚೆನ್ನಾಗಿತ್ತು. ಕೊರಿಯಾ ಯುದ್ಧದಲ್ಲಿ ಗಾಯಗೊಂಡ ಕೆಲವು ಸೈನಿಕರಲ್ಲಿ, ಪೆಟ್ಟಾದ ಜಾಗದಲ್ಲಿ ಆರ್ಟರಿ ಮತ್ತು ವೇನ್ ಒಂದಕ್ಕೊಂದು ಕೂಡಿಕೊಂಡು ವೇನ್ ದಪ್ಪಗೆ ಊದಿಕೊಳ್ಳೋದು ಡಾಕ್ಟರ್‌ಗಳಿಗೆ ಗೊತ್ತಿತ್ತು. ಅದೊಂದು ಕಾಯಿಲೆ. ಸಿಮಿನೊ ಮತ್ತು ಅವರ ಸಹೋದ್ಯೋಗಿ ಮೈಕಲ್ ಬ್ರೆಶಿಯಾ ಅದನ್ನು ತಿರುವಿ ಹಾಕಿದರು: ಇದನ್ನೇ ನಾವು ಬೇಕಂತಲೇ ಮಾಡಿದರೆ?

ಸರ್ಜನ್ ಕೆನೆತ್ ಅಪೆಲ್ 1965ರಲ್ಲಿ ಮಣಿಕಟ್ಟಿನ ಹತ್ತಿರ ಆರ್ಟರಿಗೂ ವೇನ್‌ಗೂ ಸಣ್ಣ ಕಿಂಡಿ ಮಾಡಿ ಹೊಲಿದರು. ಆರ್ಟರಿಯ ಜೋರಾದ ಹರಿವು ನೇರ ವೇನ್‌ಗೆ ನುಗ್ಗಿತು. ವಾರಗಳು ಕಳೆದಂತೆ ವೇನ್ ಅಗಲವಾಯಿತು, ಗೋಡೆ ದಪ್ಪ ಆಯಿತು. ಚರ್ಮದ ಕೆಳಗೇ ಇರೋದರಿಂದ ಸೂಜಿ ಹಾಕೋದು ಸುಲಭ. ಹೊರಗಿನ ಯಾವ ವಸ್ತುವೂ ಮೈಯಲ್ಲಿಲ್ಲ. 1966ರಲ್ಲಿ ಅವರು 14 ಆಪರೇಷನ್‌ಗಳ ವರದಿ ಪ್ರಕಟಿಸಿದರು. ಇವತ್ತಿಗೂ ಪ್ರಪಂಚದಾದ್ಯಂತ ಮಾಡೋದು ಇದನ್ನೇ. ಹೆಸರು ಎವಿ ಫಿಸ್ಟುಲಾ.

ಬಸ್ ಸ್ಟ್ಯಾಂಡ್ ಗೋಡೆ ಮೇಲೆ "ಪೈಲ್ಸ್, ಫಿಸ್ಟುಲಾಗೆ ಗ್ಯಾರಂಟಿ ಚಿಕಿತ್ಸೆ" ಅಂತ ಬರೆದಿರ್ತಾರಲ್ಲ, ಅದು ಬೇರೆ, ಇದು ಬೇರೆ. ದೊಡ್ಡಪ್ಪನಿಗೆ ಫಿಸ್ಟುಲಾ ಆಪರೇಷನ್ ಅಂತ ಗೊತ್ತಾದಾಗ ಊರಿನ ಒಬ್ಬರು ಬಂದು "ಖಾರ ಕಮ್ಮಿ ಮಾಡಿ" ಅಂತ ಬುದ್ಧಿ ಹೇಳಿ ಹೋಗಿದ್ದರು.

ಈ ಪೈಪಿಗೆ ಜೀವ ಇದೆ

ಈಗ ನಮ್ಮ ಸಿಲೆಬಸ್‌ಗೆ ಬರೋಣ. ಮಣಿಕಟ್ಟಿನ ಆರ್ಟರಿಯಲ್ಲಿ ಸುಮ್ಮನೆ ಕೂತಾಗ ನಿಮಿಷಕ್ಕೆ ಸುಮಾರು 20ರಿಂದ 30 ಮಿಲಿಲೀಟರ್ ರಕ್ತ ಹರಿಯುತ್ತೆ. ವೇನ್‌ಗೆ ಜೋಡಿಸಿದ ತಕ್ಷಣ ಅದು 200, 300ಕ್ಕೆ ಏರುತ್ತೆ. ಎಲ್ಲಾ ಸರಿಹೋದರೆ ಕೆಲವು ವಾರಗಳಲ್ಲಿ 600 ದಾಟುತ್ತೆ, 1000ದ ಮೇಲೂ ಹೋಗುತ್ತೆ. ಪೈಪ್ ಬದಲಾಯಿಸದೆ ಹರಿವು ಹೇಗೆ ಜಾಸ್ತಿ ಆಯಿತು?

ಪೈಪೇ ಬದಲಾಯಿತು, ಅದಕ್ಕೆ. ರಕ್ತನಾಳದ ಒಳಗೋಡೆಯ ಜೀವಕೋಶಗಳಿಗೆ, ರಕ್ತ ತಮ್ಮನ್ನು ಎಷ್ಟು ಜೋರಾಗಿ ಉಜ್ಜಿಕೊಂಡು ಹೋಗ್ತಿದೆ ಅನ್ನೋದು ಗೊತ್ತಾಗುತ್ತೆ. ನಾವು ವಾಲ್ ಶಿಯರ್ ಸ್ಟ್ರೆಸ್ ಅಂತೀವಲ್ಲ, ಅದೇ. ಉಜ್ಜಾಟ ಜಾಸ್ತಿ ಆದರೆ ನಾಳ ಅಗಲ ಆಗ್ತಾ ಹೋಗುತ್ತೆ, ಉಜ್ಜಾಟ ಮೊದಲಿನ ಮಟ್ಟಕ್ಕೆ ಇಳಿಯೋವರೆಗೂ. ಒಂದು ಫೀಡ್‌ಬ್ಯಾಕ್ ಕಂಟ್ರೋಲ್ ಸಿಸ್ಟಮ್ ಅನ್ನಿ. ಲ್ಯಾಮಿನಾರ್ ಹರಿವಿನಲ್ಲಿ ಈ ಸ್ಟ್ರೆಸ್ ಹರಿವಿನ ಜೊತೆ ಏರುತ್ತೆ, ತ್ರಿಜ್ಯದ ಘನಕ್ಕೆ ತಕ್ಕಂತೆ ಇಳಿಯುತ್ತೆ. ಹರಿವು 25ರಿಂದ 600ಕ್ಕೆ, ಅಂದ್ರೆ 24 ಪಟ್ಟು ಏರಿದರೆ ತ್ರಿಜ್ಯ 24ರ ಘನಮೂಲದಷ್ಟು, ಸುಮಾರು 2.9 ಪಟ್ಟು ಬೆಳೀಬೇಕು. 2 ಮಿ.ಮೀ. ನಾಳ 5.8 ಮಿ.ಮೀ. ಆಗಬೇಕು. ತುಂಬಾ ಒರಟು ಲೆಕ್ಕ ಇದು, ಗೊತ್ತು. ಆದರೆ ಡಾಕ್ಟರ್‌ಗಳು ಬಳಸೋ ಒಂದು ಹೆಬ್ಬೆರಳ ಲೆಕ್ಕ ಇದೆ, ಆರರ ನಿಯಮ ಅಂತ: ಆಪರೇಷನ್ ಆಗಿ 6 ವಾರಕ್ಕೆ ನೋಡಿದರೆ ಹರಿವು 600 ಮಿಲಿಲೀಟರ್, ಅಗಲ 6 ಮಿ.ಮೀ., ಚರ್ಮದಿಂದ ಆಳ 6 ಮಿ.ಮೀ.ಗಿಂತ ಹೆಚ್ಚಿರಬಾರದು. ಲೆಕ್ಕ ಅದರ ಹತ್ತಿರ ಬಂದಾಗ ನನಗೆ ಒಂಥರಾ ಖುಷಿ ಆಯಿತು.

ಪಂಪ್ 300 ಎಳೆಯೋಕೆ 600 ಯಾಕೆ ಅಂತ ಕೇಳಬಹುದು. ನಾಳದಲ್ಲಿ ಹರಿವು ಕಡಿಮೆ ಇದ್ದರೆ, ಮೆಷಿನ್ ಶುದ್ಧ ಮಾಡಿ ವಾಪಸ್ ಬಿಟ್ಟ ರಕ್ತವನ್ನೇ ಮತ್ತೆ ಎಳೆದುಕೊಳ್ಳುತ್ತೆ. ತೊಳೆದ ಬಟ್ಟೆಯನ್ನೇ ಮತ್ತೆ ತೊಳೆದ ಹಾಗೆ.

ಇನ್ನು ಆ ಜುಂ ಅನ್ನೋ ನಡುಕ. ಡಾಕ್ಟರ್‌ಗಳು ಅದಕ್ಕೆ ಇಟ್ಟಿರೋ ಹೆಸರೇ ಥ್ರಿಲ್. ದೊಡ್ಡಪ್ಪನ ಡಾಪ್ಲರ್ ಸ್ಕ್ಯಾನ್ ರಿಪೋರ್ಟ್‌ನಲ್ಲಿ ಹರಿವು ನಿಮಿಷಕ್ಕೆ 900 ಮಿಲಿಲೀಟರ್, ಅಗಲ 6 ಮಿ.ಮೀ. ಅಂತ ಇತ್ತು. ರೆನಾಲ್ಡ್ಸ್ ನಂಬರ್ ಹಾಕಿದೆ. ಸುಮಾರು 1000 ಬಂತು. ಪುಸ್ತಕದ ಪ್ರಕಾರ 2000ದ ಕೆಳಗೆ ಇದ್ದರೆ ಲ್ಯಾಮಿನಾರ್, ಶಾಂತ ಹರಿವು. ಆದರೆ ಕೈ ನಡುಗ್ತಾ ಇದೆಯಲ್ಲ! ಎರಡು ಸಲ ಯೂನಿಟ್ ಚೆಕ್ ಮಾಡಿದೆ. ತಪ್ಪು ಲೆಕ್ಕದಲ್ಲಿರಲಿಲ್ಲ. 2000ದ ಆ ನಿಯಮ ಇರೋದು ಉದ್ದನೆಯ ನೇರ ಪೈಪಿಗೆ, ಒಂದೇ ಸಮನೆ ಹರಿಯೋ ನೀರಿಗೆ. ಇಲ್ಲಿ ರಕ್ತ ಕಿರಿದಾದ ಕಿಂಡಿಯಿಂದ ನುಗ್ಗಿ ಗಕ್ಕನೆ ತಿರುಗುತ್ತೆ, ಅದೂ ಹೃದಯ ಬಡಿದ ಹಾಗೆ ಏರುತ್ತಾ ಇಳಿಯುತ್ತಾ. ಹಾಗಾಗಿ ಹರಿವು ಕೆಡುತ್ತೆ, ಗೋಡೆ ನಡುಗುತ್ತೆ.

ಕೆಡೋದು ಎಲ್ಲಿ?

ದೊಡ್ಡಪ್ಪನ ಮೊದಲ ಫಿಸ್ಟುಲಾ ಇದಲ್ಲ. ಮೊದಲನೇದು ಎಡ ಮಣಿಕಟ್ಟಿನಲ್ಲಿ ಮಾಡಿದ್ದರು. ಹೆಪ್ಪುಗಟ್ಟಲಿಲ್ಲ, ಬಂದ್ ಆಗಲಿಲ್ಲ, ಬೆಳೀಲೂ ಇಲ್ಲ. ಎರಡು ತಿಂಗಳು ದಿನಾ ಸ್ಪಂಜಿನ ಚೆಂಡು ಅದುಮಿದರು. ಸೂಜಿ ಹಾಕಿದರೆ ಪಂಪ್ ಅಲಾರಂ ಹೊಡ್ಕೋತಿತ್ತು. ಅಷ್ಟೂ ದಿನ ಕುತ್ತಿಗೆಗೆ ಹಾಕಿದ ಕ್ಯಾತಿಟರ್‌ನಲ್ಲೇ ಡಯಾಲಿಸಿಸ್. ಅದು ಹೃದಯದ ಹತ್ತಿರದವರೆಗೆ ಹೋಗೋ ಕೊಳವೆ. ಇನ್ಫೆಕ್ಷನ್ ಆದರೆ ನೇರ ರಕ್ತಕ್ಕೇ. ಒಂದು ರಾತ್ರಿ ಚಳಿ ಜ್ವರ ಬಂದು ದೊಡ್ಡಮ್ಮ ಅಪ್ಪನಿಗೆ ಫೋನ್ ಮಾಡಿದ್ದು ನನಗೆ ಚೆನ್ನಾಗಿ ನೆನಪಿದೆ. ಆಗ ನಾನು ಪಿಯುಸಿ. ಹತ್ತು ದಿನ ಐಸಿಯು.

ಬೆಳೆಯದೇ ಹೋಗೋದಕ್ಕೆ ಸಂಶೋಧಕರು ಕೊಡೋ ದೊಡ್ಡ ಕಾರಣ ಆ ತಿರುವಿನಲ್ಲೇ ಇದೆ. ಕಿಂಡಿ ದಾಟಿದ ಸ್ವಲ್ಪ ಮುಂದೆ, ಗೋಡೆಯ ಕೆಲವು ಭಾಗಗಳಲ್ಲಿ ಹರಿವು ಹಿಂದೆ ಮುಂದೆ ತೂಗಾಡುತ್ತೆ, ಸುಳಿ ಸುತ್ತುತ್ತೆ. ಅಲ್ಲಿ ಶಿಯರ್ ಕಡಿಮೆ ಮತ್ತು ದಿಕ್ಕು ತಪ್ಪಿದ್ದು. ಆಪರೇಷನ್ನಿನ ಗಾಯವೂ ಇದೆ. ಅಂಥ ಕಡೆ ಒಳಗೋಡೆಯಲ್ಲಿ ಜೀವಕೋಶಗಳು ಪದರ ಪದರವಾಗಿ ಬೆಳೆದು ದಾರಿಯನ್ನೇ ಕಿರಿದು ಮಾಡುತ್ತವೆ. ಪ್ವಾಸೆಯ್ ಸೂತ್ರ ನೆನಪು ಮಾಡ್ಕೊಳ್ಳಿ, ವ್ಯಾಸ ಅರ್ಧ ಆದರೆ ತಡೆ 16 ಪಟ್ಟು. ಅಗಲ ಆಗು ಅಂತ ಹೇಳುವ ಹರಿವೇ ಎರಡು ಸೆಂಟಿಮೀಟರ್ ಆಚೆ ಮುಚ್ಚಿಕೋ ಅಂತಲೂ ಹೇಳುತ್ತೆ.

ತೋಟದಲ್ಲಿ ಬೋರ್ ಒಣಗಿದರೆ ಇನ್ನೊಂದು ಪಾಯಿಂಟ್ ನೋಡಿ ಕೊರೆಸಬಹುದು. ದೊಡ್ಡಪ್ಪ ಆವಾಗ ಹೇಳಿದ್ದು: "ಕೈ ಇರೋದು ಎರಡೇ ಕಣೋ."

ಗೆದ್ದೂ ಸೋತ ಒಂದು ಟ್ರಯಲ್

ಹಾಗಾದರೆ ಔಷಧಿ ಕೊಟ್ಟು ಕಾಪಾಡೋಕಾಗಲ್ವಾ? ಈ ಭಾಗ ಓದಿದಾಗ ನನಗೆ ಅತಿ ಹೆಚ್ಚು ಕಲಿಯೋಕೆ ಸಿಕ್ಕಿತು.

ಹೊಸ ಫಿಸ್ಟುಲಾ ಬೇಗ ಕೆಡೋದಕ್ಕೆ ರಕ್ತ ಹೆಪ್ಪುಗಟ್ಟೋದೇ ಮುಖ್ಯ ಕಾರಣ ಅಂತ ಅಂದುಕೊಂಡಿದ್ದರು. ಕ್ಲೊಪಿಡೊಗ್ರೆಲ್ ಅನ್ನೋ ಮಾತ್ರೆ ಹೆಪ್ಪುಗಟ್ಟೋದನ್ನು ತಡೆಯುತ್ತೆ, ಹಾರ್ಟ್ ಅಟ್ಯಾಕ್ ಆದವರಿಗೆ ಕೊಡ್ತಾರೆ. ಅಮೆರಿಕದ ಒಂಬತ್ತು ಕೇಂದ್ರಗಳಲ್ಲಿ 877 ಜನರ ಮೇಲೆ ಪರೀಕ್ಷೆ ಮಾಡಿದರು, ಫಲಿತಾಂಶ 2008ರಲ್ಲಿ ಬಂತು. ಯಾರಿಗೆ ನಿಜವಾದ ಮಾತ್ರೆ, ಯಾರಿಗೆ ಔಷಧಿ ಇಲ್ಲದ ಡಮ್ಮಿ ಮಾತ್ರೆ ಅನ್ನೋದು ಟಾಸ್ ಹಾಕಿದ ಹಾಗೆ ನಿರ್ಧಾರ. ರೋಗಿಗೂ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ. ಹೀಗೆ ಮಾಡದಿದ್ದರೆ ನಮಗೆ ಬೇಕಾದ ಉತ್ತರವನ್ನೇ ನಾವು ನೋಡಿಬಿಡ್ತೀವಿ.

ಆರು ವಾರಕ್ಕೆ ಹೆಪ್ಪುಗಟ್ಟಿದ್ದು: ಡಮ್ಮಿ ತೆಗೆದುಕೊಂಡವರಲ್ಲಿ 19.5 ಶೇಕಡಾ, ಕ್ಲೊಪಿಡೊಗ್ರೆಲ್ ತೆಗೆದುಕೊಂಡವರಲ್ಲಿ 12.2 ಶೇಕಡಾ. ದೊಡ್ಡ ವ್ಯತ್ಯಾಸ! ಮೊದಲೇ ಹಾಕಿಕೊಂಡ ನಿಯಮದ ಪ್ರಕಾರ, ಉತ್ತರ ಸ್ಪಷ್ಟವಾಗಿದೆ ಅಂತ ಹೊಸಬರನ್ನು ಸೇರಿಸೋದನ್ನು ಅವಧಿಗೆ ಮುಂಚೆಯೇ ನಿಲ್ಲಿಸಿದರು. ಇಲ್ಲಿಗೆ ನಿಲ್ಲಿಸಿದ್ದರೆ ಇದು ಗೆಲುವಿನ ಕಥೆ.

ಆದರೆ ಅವರು ಇನ್ನೊಂದನ್ನೂ ಅಳೆದಿದ್ದರು. ಆ ಫಿಸ್ಟುಲಾ ಡಯಾಲಿಸಿಸ್‌ಗೆ ಬಳಸೋಕೆ ಬಂತಾ? 12 ಸಲದಲ್ಲಿ 8 ಸಲವಾದರೂ ಪಂಪ್ ನಿಮಿಷಕ್ಕೆ 300 ಮಿಲಿಲೀಟರ್ ಎಳೀತಾ? ಬಳಸೋಕೆ ಬಾರದೆ ಹೋದದ್ದು ಕ್ಲೊಪಿಡೊಗ್ರೆಲ್ ಗುಂಪಿನಲ್ಲಿ 61.8 ಶೇಕಡಾ, ಡಮ್ಮಿ ಗುಂಪಿನಲ್ಲಿ 59.5 ಶೇಕಡಾ. ಅಂದ್ರೆ ಏನೂ ವ್ಯತ್ಯಾಸ ಇಲ್ಲ. ಮಾತ್ರೆ ಹೆಪ್ಪು ತಡೆಯಿತು ನಿಜ, ಆದರೆ ನಾಳ ಬೆಳೆಯಲಿಲ್ಲ. ದೊಡ್ಡಪ್ಪನ ಮೊದಲ ಫಿಸ್ಟುಲಾ ಇದ್ದದ್ದು ಸರಿಯಾಗಿ ಈ ಗುಂಪಿನಲ್ಲಿ.

ಈ ಟ್ರಯಲ್ ಎರಡು ವಿಷಯ ಹೇಳಿತು. ಒಂದು, ಹೆಪ್ಪುಗಟ್ಟೋದು ಮುಖ್ಯ ಸಮಸ್ಯೆ ಅಲ್ಲ, ಬೆಳೆಯದಿರೋದು ಮುಖ್ಯ ಸಮಸ್ಯೆ. ಎರಡು, ಹತ್ತರಲ್ಲಿ ಆರು ಫಿಸ್ಟುಲಾಗಳು ಆ ಕಟ್ಟುನಿಟ್ಟಿನ ಅಳತೆಯಲ್ಲಿ ಪಾಸ್ ಆಗಲಿಲ್ಲ ಅನ್ನೋ ಕಹಿ ಸತ್ಯ.

ಆಮೇಲೆ ಮೀನೆಣ್ಣೆ ಪ್ರಯತ್ನಿಸಿದರು. ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಮಲೇಷ್ಯಾ, ಬ್ರಿಟನ್ ಸೇರಿ ಮಾಡಿದ ಟ್ರಯಲ್, 2017ರಲ್ಲಿ ಪ್ರಕಟ. ಫಿಸ್ಟುಲಾ ಕೆಟ್ಟಿದ್ದು ಮೀನೆಣ್ಣೆ ಗುಂಪಿನಲ್ಲಿ 47 ಶೇಕಡಾ. ಡಮ್ಮಿ ಗುಂಪಿನಲ್ಲೂ 47 ಶೇಕಡಾ. ಅದೇ ಟ್ರಯಲ್‌ನಲ್ಲಿ ಆಸ್ಪಿರಿನ್ ಕೂಡ ನೋಡಿದರು, ಅದೂ ಉಪಯೋಗಕ್ಕೆ ಬರಲಿಲ್ಲ.

ಇದನ್ನೆಲ್ಲ ಓದಿ ಮೊದಲು ಬೇಜಾರಾಯ್ತು. ಆಮೇಲೆ ಅನ್ನಿಸಿತು, ಈ ಟ್ರಯಲ್‌ಗಳು ನಡೆಯದೇ ಇದ್ದಿದ್ದರೆ ದೊಡ್ಡಪ್ಪನಂಥವರು ಉಪಯೋಗವಿಲ್ಲದ ಮಾತ್ರೆ ವರ್ಷಗಟ್ಟಲೆ ನುಂಗ್ತಾ ಇರ್ತಿದ್ದರು. ಬರೋ ಪೆನ್ಷನ್ನಲ್ಲಿ ಅದಕ್ಕೂ ಒಂದಿಷ್ಟು ಎತ್ತಿಡಬೇಕಾಗ್ತಿತ್ತು.

ಬಲೂನು, ಅಯಸ್ಕಾಂತ, ಲ್ಯಾಬಿನಲ್ಲಿ ಬೆಳೆದ ನಾಳ

ಕಿರಿದಾದ ನಾಳವನ್ನು ಒಳಗಿಂದ ಬಲೂನು ಊದಿ ಅಗಲ ಮಾಡ್ತಾರೆ. ಆದರೆ ಆ ಹಿಗ್ಗಿಸೋದೇ ಮತ್ತೊಂದು ಗಾಯ, ಅಲ್ಲಿ ಮತ್ತೆ ಬೆಳೆದು ಮುಚ್ಚಿಕೊಳ್ಳುತ್ತೆ. ಅದಕ್ಕೆ ಬಲೂನಿಗೆ ಪ್ಯಾಕ್ಲಿಟಾಕ್ಸೆಲ್ ಲೇಪ ಹಚ್ಚಿ ನೋಡಿದರು. ಇದು ಜೀವಕೋಶ ಒಡೆದು ಎರಡಾಗೋದನ್ನು ತಡೆಯೋ ಕ್ಯಾನ್ಸರ್ ಔಷಧಿ. 2020ರಲ್ಲಿ ಅಮೆರಿಕ, ಜಪಾನ್, ನ್ಯೂಜಿಲೆಂಡಿನ 330 ಜನರ ಟ್ರಯಲ್ ಪ್ರಕಟ ಆಯಿತು. ಆರು ತಿಂಗಳಾದರೂ ಆ ಜಾಗ ಮತ್ತೆ ರಿಪೇರಿ ಕೇಳದೆ ತೆರೆದೇ ಇದ್ದದ್ದು ಲೇಪ ಇದ್ದ ಬಲೂನಿನಲ್ಲಿ 82.2 ಶೇಕಡಾ, ಸಾದಾ ಬಲೂನಿನಲ್ಲಿ 59.5 ಶೇಕಡಾ. ಒಳ್ಳೆ ಸುದ್ದಿ. ಮರುವರ್ಷ ಬ್ರಿಟನ್ನಿನ 212 ಜನರ ಟ್ರಯಲ್ ಬಂತು: ವ್ಯತ್ಯಾಸ ಇಲ್ಲ. ಮೊದಲನೇದಕ್ಕೆ ಬಲೂನ್ ತಯಾರಿಸೋ ಕಂಪನಿಯ ದುಡ್ಡು ಇತ್ತು ಅನ್ನೋದೂ ಓದುವವರ ಮನಸ್ಸಿನಲ್ಲಿರಬೇಕು. ಹಾಗಂತ ಅದು ಸುಳ್ಳು ಅಂತ ಅಲ್ಲ. ಬಲೂನು ಬೇರೆ, ರೋಗಿಗಳು ಬೇರೆ, ಅಳೆದದ್ದೂ ಬೇರೆ. ನಮ್ಮ ಲ್ಯಾಬಿನಲ್ಲಿ ಎರಡು ಬ್ಯಾಚ್‌ಗೆ ಎರಡು ರೀಡಿಂಗ್ ಬಂದರೆ ಒಂದನ್ನು ಕಾಪಿ ಹೊಡೆದು ಮುಗಿಸ್ತೀವಿ. ಇಲ್ಲಿ ಹಾಗೆ ಮಾಡೋಕಾಗಲ್ಲ, ಯಾಕೆ ಬೇರೆ ಬಂತು ಅಂತ ಹುಡುಕಲೇಬೇಕು.

ಕತ್ತಿ ಹಾಕದೆ ಫಿಸ್ಟುಲಾ ಮಾಡೋ ಎರಡು ಸಾಧನಗಳಿಗೆ 2018ರಲ್ಲಿ ಅಮೆರಿಕದ ಎಫ್‌ಡಿಎ ಅನುಮತಿ ಕೊಟ್ಟಿತು. ಒಂದರಲ್ಲಿ ಆರ್ಟರಿಗೊಂದು ವೇನ್‌ಗೊಂದು ತೆಳ್ಳನೆ ಕ್ಯಾತಿಟರ್ ಬಿಡ್ತಾರೆ. ಎರಡರಲ್ಲೂ ಅಯಸ್ಕಾಂತ ಇರುತ್ತೆ, ಪಕ್ಕಪಕ್ಕ ಬಂದಾಗ ಅಂಟಿಕೊಳ್ಳುತ್ತವೆ, ರೇಡಿಯೋ ಫ್ರೀಕ್ವೆನ್ಸಿ ಶಕ್ತಿಯಿಂದ ನಡುವೆ ಕಿಂಡಿ ಕೊರೆಯುತ್ತೆ. ಇನ್ನೊಂದು ಶಾಖ ಮತ್ತು ಒತ್ತಡದಿಂದ ಎರಡು ನಾಳಗಳನ್ನು ಬೆಸೆಯುತ್ತೆ. ಒಂಥರಾ ವೆಲ್ಡಿಂಗ್.

ಸ್ವಂತ ವೇನ್ ಸರಿಯಿಲ್ಲದವರಿಗೆ ಪ್ಲಾಸ್ಟಿಕ್ ನಾಳ ಹಾಕ್ತಾರೆ, ಅದಕ್ಕೆ ಗ್ರಾಫ್ಟ್ ಅಂತ ಹೆಸರು. ಅದು ಬೇಗ ಬಳಸೋಕೆ ಬರುತ್ತೆ, ಆದರೆ ಹೆಪ್ಪು, ಇನ್ಫೆಕ್ಷನ್ ಹೆಚ್ಚು. ಅಮೆರಿಕದ ವಿಜ್ಞಾನಿ ಲಾರಾ ನಿಕ್ಲಾಸನ್ ಅವರ ತಂಡ ಇದಕ್ಕೆ ಬೇರೆ ದಾರಿ ಹಿಡಿದಿದೆ. ಕರಗಿಹೋಗೋ ಜಾಲರಿಯ ಮೇಲೆ ಮನುಷ್ಯರ ಜೀವಕೋಶಗಳನ್ನು ಬೆಳೆಸಿ ನಾಳ ತಯಾರಿಸೋದು, ಆಮೇಲೆ ಜೀವಕೋಶಗಳನ್ನೆಲ್ಲ ತೊಳೆದು ಬರೀ ಪ್ರೋಟೀನ್ ಕೊಳವೆ ಉಳಿಸೋದು. ಜೀವಕೋಶ ಇಲ್ಲದ್ದರಿಂದ ದೇಹ ಅದನ್ನು ಪರಕೀಯ ಅಂತ ತಿರಸ್ಕರಿಸೋ ಭಯ ಕಡಿಮೆ. ಡಯಾಲಿಸಿಸ್ ರೋಗಿಗಳಲ್ಲಿ 60 ಜನರ ಮೊದಲ ಫಲಿತಾಂಶ 2016ರಲ್ಲಿ ಬಂತು. ಕೈಕಾಲಿನ ಆರ್ಟರಿಗೆ ಪೆಟ್ಟಾದವರಿಗೆ ಬಳಸೋಕೆ ಎಫ್‌ಡಿಎ 2024ರ ಡಿಸೆಂಬರ್‌ನಲ್ಲಿ ಒಪ್ಪಿಗೆ ಕೊಟ್ಟಿದೆ.

ಯಾವುದನ್ನು ಅಳೆಯಬೇಕು?

ಇಷ್ಟೆಲ್ಲಾ ಓದಿದ ಮೇಲೆ ನನಗೆ ಮುಖ್ಯ ಅನ್ನಿಸಿದ್ದು ಯಾವ ಸಾಧನವೂ ಅಲ್ಲ. ಏನನ್ನು ಗೆಲುವು ಅಂತ ಕರೀಬೇಕು ಅನ್ನೋ ಪ್ರಶ್ನೆ.

ಸರ್ಜನ್‌ಗೆ ಹೊಲಿಗೆ ಸರಿಯಾಗಿ ಕೂತರೆ ಗೆಲುವು. ಸ್ಕ್ಯಾನ್ ಮಾಡುವವರಿಗೆ 600 ಬಂದರೆ ಗೆಲುವು. ಕ್ಲೊಪಿಡೊಗ್ರೆಲ್ ಟ್ರಯಲ್‌ಗೆ ಹೆಪ್ಪುಗಟ್ಟದಿದ್ದರೆ ಗೆಲುವು. ದೊಡ್ಡಪ್ಪನಿಗೆ? ಸೋಮವಾರ ಹೋಗಿ ಎರಡು ಸೂಜಿ ಹಾಕಿಸ್ಕೊಂಡು, ನಾಲ್ಕು ಗಂಟೆ ಮಲಗಿ, ಮನೆಗೆ ಬಂದು ತೋಟಕ್ಕೆ ಹೋಗೋದು. ನಡುವೆ ಮತ್ತೊಂದು ಆಪರೇಷನ್, ಮತ್ತೊಂದು ಬಲೂನು ಬೇಡ.

ಸಂಶೋಧಕರು ಇದನ್ನು ತಡವಾಗಿಯಾದರೂ ಕೇಳಿಸಿಕೊಂಡರು. ಎಷ್ಟೋ ದೇಶಗಳ ರೋಗಿಗಳು, ಮನೆಯವರು, ನರ್ಸ್‌ಗಳು, ಡಾಕ್ಟರ್‌ಗಳು ಎಲ್ಲರನ್ನೂ ಕೇಳಿ, ಡಯಾಲಿಸಿಸ್ ಟ್ರಯಲ್‌ಗಳು ಕಡ್ಡಾಯವಾಗಿ ಏನನ್ನು ಅಳೆಯಬೇಕು ಅಂತ ಪಟ್ಟಿ ಮಾಡೋ ಸಾಂಗ್ ಅನ್ನೋ ಯೋಜನೆ ಇದೆ. ಅದರಲ್ಲಿ ಆಕ್ಸೆಸ್ ವಿಷಯಕ್ಕೆ ಒಪ್ಪಿದ ಅಳತೆ ಸರಳವಾಗಿದೆ: ಈ ದಾರಿಯನ್ನು ಬಳಕೆಗೆ ತರೋಕೆ, ಬಳಕೆಯಲ್ಲಿ ಉಳಿಸೋಕೆ ಎಷ್ಟು ಸಲ ರಿಪೇರಿ ಬೇಕಾಯ್ತು? ತೋಟದಲ್ಲಿ ಮೋಟಾರಿಗೂ ನಾವು ಕೇಳೋದು ಅದನ್ನೇ, ವರ್ಷಕ್ಕೆ ಎಷ್ಟು ಸಲ ಮೇಲೆತ್ತಿಸಿದಿರಿ ಅಂತ.

ನಿಯಮಗಳೂ ಬದಲಾಗಿವೆ. ಅಮೆರಿಕದಲ್ಲಿ 2003ರ ಹೊತ್ತಿಗೆ ಎಲ್ಲರಿಗೂ ಮೊದಲು ಫಿಸ್ಟುಲಾನೇ ಅಂತ ಅಭಿಯಾನ ಮಾಡಿದ್ದರು. 2019ರ ಹೊಸ ಮಾರ್ಗಸೂಚಿ ರೋಗಿಯ ವಯಸ್ಸು, ನಾಳಗಳ ಸ್ಥಿತಿ, ಮುಂದೆ ಟ್ರಾನ್ಸ್‌ಪ್ಲಾಂಟ್ ಇದೆಯಾ, ಒಂದು ಕೆಟ್ಟರೆ ಮುಂದಿನದು ಎಲ್ಲಿ, ಇದೆಲ್ಲ ಸೇರಿಸಿ ಒಬ್ಬೊಬ್ಬರಿಗೂ ಇಡೀ ಜೀವನದ ಪ್ಲಾನ್ ಮಾಡಿ ಅನ್ನುತ್ತೆ. ಎಂಬತ್ತೈದರ ಅಜ್ಜಿಗೂ ಇಪ್ಪತ್ತೈದರ ಹುಡುಗನಿಗೂ ಒಂದೇ ಉತ್ತರ ಇರಲ್ಲ.

ಖರ್ಚಿಲ್ಲದ ಒಂದು ಕೆಲಸ

ಇದೆಲ್ಲದರ ಮಧ್ಯೆ ಒಂದು ಸಣ್ಣ ವಿಷಯ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಡಯಾಲಿಸಿಸ್ ಶುರುವಾಗೋ ಒಂದು ವರ್ಷ ಮುಂಚೆ ದೊಡ್ಡಪ್ಪ ಡೆಂಗಿ ಆಗಿ ಒಂದು ವಾರ ಅಡ್ಮಿಟ್ ಆಗಿದ್ದರು. ಆಗಲೇ ಶುಗರ್‌ನಿಂದ ಕಿಡ್ನಿ ಅರ್ಧ ಹೋಗಿತ್ತು, ರಿಪೋರ್ಟ್‌ನಲ್ಲೂ ಇತ್ತು. ಆ ವಾರವೆಲ್ಲ ಡ್ರಿಪ್ ಹಾಕಿದ್ದು, ರಕ್ತ ತೆಗೆದದ್ದು ಎಡಗೈ ಮಣಿಕಟ್ಟಿನ ಹತ್ತಿರದ ವೇನ್‌ಗಳಲ್ಲೇ. ಮೊದಲ ಫಿಸ್ಟುಲಾ ಸೋತಿದ್ದು ಅದರಿಂದಲೇ ಅಂತ ನಾನು ಹೇಳೋಕಾಗಲ್ಲ. ಆದರೆ ಕಿಡ್ನಿ ಕೆಡ್ತಾ ಇರೋ ರೋಗಿಯ ಮುಂಗೈ ಮತ್ತು ತೋಳಿನ ವೇನ್‌ಗಳನ್ನು ಉಳಿಸಿಡಿ, ಸೂಜಿ ಹಾಕಲೇಬೇಕಾದರೆ ಹಸ್ತದ ಹಿಂಭಾಗಕ್ಕೆ ಹಾಕಿ ಅನ್ನೋದು ಬಹಳ ಹಳೆಯ ಸಲಹೆ. ನಮಗೆ ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ನಿಮ್ಮ ಮನೆಯಲ್ಲಿ ಯಾರಿಗಾದರೂ ಕ್ರಿಯಾಟಿನಿನ್ ಜಾಸ್ತಿ ಇದೆ, ಡಾಕ್ಟರ್ ಕಿಡ್ನಿ ಬಗ್ಗೆ ಎಚ್ಚರಿಕೆ ಕೊಟ್ಟಿದ್ದಾರೆ ಅಂದ್ರೆ, ಬರೆಯದ ಕೈಯನ್ನು ಜೋಪಾನ ಮಾಡಿ ಅಂತ ಈಗಲೇ ಹೇಳಿ. ರಕ್ತ ತೆಗೆಯೋರು ಬಂದಾಗ "ಈ ಕೈ ಬೇಡ ಸಿಸ್ಟರ್" ಅಂತ ಹೇಳೋಕೆ ಸಂಕೋಚ ಬೇಡ. ಫಿಸ್ಟುಲಾ ಆದಮೇಲಂತೂ ಆ ಕೈಗೆ ಬಿಪಿ ಪಟ್ಟಿ ಇಲ್ಲ, ಸೂಜಿ ಇಲ್ಲ, ಬಿಗಿಯಾದ ವಾಚ್ ಇಲ್ಲ, ಅದರ ಮೇಲೆ ತಲೆಯಿಟ್ಟು ಮಲಗೋದಿಲ್ಲ. ದಿನಾ ಮುಟ್ಟಿ ನೋಡಬೇಕು. ಜುಂ ಅನ್ನೋದು ನಿಂತರೆ ನಾಳೆ ನೋಡೋಣ ಅನ್ನಬಾರದು, ಅವತ್ತೇ ಹೋಗಬೇಕು.

ಪ್ರಾಜೆಕ್ಟ್ ಹುಡುಕ್ತಿರೋ ಎಲೆಕ್ಟ್ರಾನಿಕ್ಸ್ ಗೆಳೆಯರಿಗೂ ಒಂದು ಸುಳಿವು: ನಾಳ ಕಿರಿದಾದಾಗ ಆ ಜುಂ ಶಬ್ದದ ಶ್ರುತಿ ಬದಲಾಗುತ್ತೆ. ಮೈಕ್ ಇಟ್ಟು ಅದನ್ನು ಮೊದಲೇ ಹಿಡಿಯೋ ಪ್ರಯತ್ನಗಳು ಎಷ್ಟೋ ಕಡೆ ನಡೀತಿವೆ. ನಮ್ಮ ಕ್ಯಾಂಪಸ್ಸಿನಲ್ಲೂ ಯಾಕಾಗಬಾರದು?

ಕೊನೆಗೆ, ಇಂಚಿನ ಲೆಕ್ಕ

ಬೋರ್‌ವೆಲ್ ನೀರನ್ನು ಇಂಚಿನಲ್ಲಿ ಹೇಳೋದು ವಿ-ನಾಚ್‌ನಿಂದ. ನಮ್ಮ ಲ್ಯಾಬ್‌ನಲ್ಲೂ ಅದೇ ತಗಡು ಇದೆ. 90 ಡಿಗ್ರಿ ನಾಚ್‌ನಲ್ಲಿ ನೀರು ಒಂದು ಇಂಚು ಎತ್ತರಕ್ಕೆ ಹರಿದರೆ ನಿಮಿಷಕ್ಕೆ ಸುಮಾರು ಎಂಟೂವರೆ ಲೀಟರ್. ದೊಡ್ಡಪ್ಪನ ಕೈಯಲ್ಲಿ 900 ಮಿಲಿಲೀಟರ್. ಹರಿವು ಎತ್ತರದ ಎರಡೂವರೆ ಘಾತಕ್ಕೆ ಹೋಗೋದರಿಂದ ಲೆಕ್ಕ ಹಾಕಿದರೆ 0.4 ಇಂಚು ಬರುತ್ತೆ.

ಮೊನ್ನೆ ಫೋನ್ ಮಾಡಿ ಹೇಳಿದೆ, "ಅರ್ಧ ಇಂಚಿಗೂ ಕಮ್ಮಿ ದೊಡ್ಡಪ್ಪ."

ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ನಕ್ಕರು. "ಅರ್ಧ ಇಂಚಾದ್ರೆ ಏನಂತೆ, ಬೇಸಿಗೇಲೂ ನಿಲ್ಲದೇ ಇದ್ರೆ ಸಾಕು ಕಣೋ."